ಕನಿಷ್ಠ ಶಿಕ್ಷೆ ಹುಡುಕುತ್ತಾ ಓದಿದ ಕ್ರಿಮಿನಲ್ ಕಾಯ್ದೆಗಳ ಕೈಪಿಡಿ: ಕೋರ್ಟಿನ ಹಳೇ ಸ್ಟೆನೋ ಬರೆದ ವಿಮರ್ಶೆ

ಮೊದಲು ಪುಸ್ತಕ ಯಾವುದು ಅಂತ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬಂದಿರುವ ಕ್ರಿಮಿನಲ್ ಕಾಯ್ದೆಗಳ ಕೈಪಿಡಿ, ಎಲ್ಲಾ ಒಂದೇ ಸಂಪುಟದಲ್ಲಿ. ಹೊಸ ಕಾನೂನುಗಳು ಮೂರೂ ಇವೆ: ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ಹಿಂದೆ ಎನ್‌ಡಿಪಿಎಸ್ ಅಂದರೆ ಮಾದಕವಸ್ತು ಕಾಯ್ದೆ, ಪೋಕ್ಸೊ ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ, ಆಯುಧ ಕಾಯ್ದೆ ಸೇರಿಸಿದ್ದಾರೆ. ಅವೆನ್ಯೂ ರೋಡಿನಲ್ಲಿ ಕೊಂಡದ್ದು. ಮೇಲೆ 850 ರೂಪಾಯಿ ಅಂತ ಇದೆ, 700ಕ್ಕೆ ಕೊಟ್ಟರು. ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ ಅಂತ ಪಕ್ಕದಲ್ಲಿದ್ದ ಹುಡುಗರು ಆಮೇಲೆ ಹೇಳಿದರು. ಪ್ರಕಾಶಕರ ಹೆಸರು ಬರೆಯುತ್ತಿಲ್ಲ. ಆ ಸಾಲಿನ ಅಂಗಡಿಗಳಲ್ಲಿ ಇದೇ ತರಹದ ಪುಸ್ತಕಗಳು ಬೇರೆ ಬೇರೆ ರಟ್ಟು ಹಾಕಿಕೊಂಡು ಕೂತಿವೆ. ನಾನು ಹೇಳುವ ದೂರು ಹೆಚ್ಚುಕಮ್ಮಿ ಅವಕ್ಕೆಲ್ಲ ಸಲ್ಲುತ್ತದೆ.

ನಾನು ಲಾಯರಲ್ಲ. ಬೆಂಗಳೂರಿನ ಒಂದು ಸೆಷನ್ಸ್ ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತಿಯಾದವಳು. ಜಡ್ಜ್ ಸಾಹೇಬರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಟೈಪ್ ಮಾಡಿ, ತಿದ್ದುಪಡಿ ಹಾಕಿಸಿ, ಮತ್ತೆ ಟೈಪ್ ಮಾಡಿ ಕೊಡುವುದು ನನ್ನ ಕೆಲಸವಾಗಿತ್ತು. ಬೇಕೋ ಬೇಡವೋ, ಕಲಮುಗಳು ಬಾಯಿಪಾಠ ಆಗಿಹೋದವು. ಈಗ ತಂಗಿ ಮಗಳು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ವಕೀಲರ ಪರೀಕ್ಷೆಗೆ ಓದುತ್ತಿದ್ದಾಳೆ. ಪುಸ್ತಕ ಅವಳಿಗೆ ಅಂತ ತಂದದ್ದು, ಆದರೆ ಜಾಸ್ತಿ ಓದುತ್ತಿರುವವಳು ನಾನೇ.

ಕಾನೂನು ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಕನಿಷ್ಠ ಶಿಕ್ಷೆ ಇರುವ ಕಲಮುಗಳನ್ನು ಹೇಗೆ ಅಚ್ಚು ಹಾಕಿದ್ದಾರೆ ಅನ್ನುವುದನ್ನು. ನಮ್ಮ ಕಾನೂನಿನಲ್ಲಿ ಬಹಳಷ್ಟು ಅಪರಾಧಗಳಿಗೆ ಮೇಲಿನ ಮಿತಿ ಮಾತ್ರ ಇರುತ್ತದೆ. ಮೂರು ವರ್ಷದವರೆಗೆ, ಏಳು ವರ್ಷದವರೆಗೆ, ಹೀಗೆ. ಅದರೊಳಗೆ ಎಷ್ಟು ಕೊಡಬೇಕು ಅನ್ನುವುದು ಜಡ್ಜ್‌ಗೆ ಬಿಟ್ಟದ್ದು. ಕೆಲವು ಕಲಮುಗಳಲ್ಲಿ ಮಾತ್ರ ಕೆಳಗಿನ ಮಿತಿಯೂ ಇರುತ್ತದೆ: ಇಷ್ಟು ವರ್ಷಕ್ಕೆ ಕಡಿಮೆ ಇಲ್ಲದಂತೆ. ಆ ಮಿತಿ ಇರುವ ಕೇಸು ನಡೆಯುವ ರೀತಿಯೇ ಬೇರೆ. ಎಫ್‌ಐಆರ್ ಬರೆಯುವಾಗಲೇ ಬೇರೆ, ಜಾಮೀನಿನಲ್ಲಿ ಬೇರೆ, ಸಾಕ್ಷಿ ಹೇಳುವಾಗ ಬೇರೆ. ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ಅವರು ಪೇಪರಿನಲ್ಲಿ ಕಡೆಯ ಸಾಲು ಮಾತ್ರ ಓದುತ್ತಾರೆ, ಅಲ್ವಾ.

ಈ ಪುಸ್ತಕದಲ್ಲಿ ಎನ್‌ಡಿಪಿಎಸ್ ಭಾಗ ಪರವಾಗಿಲ್ಲ. 1985ರ ಕಾಯ್ದೆ, 2001ರಲ್ಲಿ ಮತ್ತು 2014ರಲ್ಲಿ ಆದ ತಿದ್ದುಪಡಿಗಳ ಸಮೇತ ಇದೆ. ಮೊದಲು ಈ ಕಾಯ್ದೆ ಎಷ್ಟು ಕಠಿಣ ಇತ್ತೆಂದರೆ, ತನ್ನ ಸ್ವಂತ ಸೇವನೆಗೆ ಇಟ್ಟುಕೊಂಡ ಸ್ವಲ್ಪ ಮಾಲು ಎಂದು ಆರೋಪಿಯೇ ತೋರಿಸಿಕೊಳ್ಳದಿದ್ದರೆ, ಹೆರಾಯಿನ್ ಹತ್ತು ಗ್ರಾಂ ಇರಲಿ ಹತ್ತು ಕೆ.ಜಿ. ಇರಲಿ, ಕನಿಷ್ಠ ಹತ್ತು ವರ್ಷ. 2001ರಲ್ಲಿ ಸರ್ಕಾರಕ್ಕೇ ಇದು ಜಾಸ್ತಿ ಆಯಿತು ಅನಿಸಿ ಮೂರು ಹಂತ ಮಾಡಿದರು: ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಎರಡರ ನಡುವಿನದು. ಗಾಂಜಾಕ್ಕೆ ಅಲ್ಪ ಅಂದರೆ 1 ಕೆ.ಜಿ., ವಾಣಿಜ್ಯ ಅಂದರೆ 20 ಕೆ.ಜಿ. ಹೆರಾಯಿನ್‌ಗೆ 5 ಗ್ರಾಂ, 250 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ, 10 ಗ್ರಾಂ. ಈ ಪಟ್ಟಿ ಕಾಯ್ದೆಯಲ್ಲಿ ಇಲ್ಲ, 2001ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಇದೆ. ಅಗ್ಗದ ಪುಸ್ತಕಗಳಲ್ಲಿ ಅದನ್ನು ಹಾಕುವುದೇ ಇಲ್ಲ. ಇದರಲ್ಲಿ ಹಾಕಿದ್ದಾರೆ. ಅದಕ್ಕೆ ಶಹಬ್ಬಾಸ್.

ತಂಗಿ ಮಗಳು ಆ ಪಟ್ಟಿ ನೋಡಿ ಕೇಳಿದಳು: "ದೊಡ್ಡಮ್ಮ, ಗಾಂಜಾ 19 ಕೆ.ಜಿ. 900 ಗ್ರಾಂ ಇದ್ರೆ ಏನು, 20 ಕೆ.ಜಿ. 100 ಗ್ರಾಂ ಇದ್ರೆ ಏನು?"

ಮೊದಲನೆಯದಕ್ಕೆ ಹತ್ತು ವರ್ಷದ ತನಕ ಶಿಕ್ಷೆ ಕೊಡಬಹುದು. ಕೆಳಗಿನ ಮಿತಿ ಇಲ್ಲ. ಜೈಲಿನಲ್ಲಿ ಈಗಾಗಲೇ ಕಳೆದಿರುವುದೇ ಸಾಕು ಅಂತ ಜಡ್ಜ್‌ಗೆ ಅನಿಸಿದರೆ ಅಷ್ಟಕ್ಕೇ ಮುಗಿಸಬಹುದು. ಎರಡನೆಯದಕ್ಕೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ದಂಡ ಒಂದು ಲಕ್ಷಕ್ಕೆ ಕಡಿಮೆ ಇಲ್ಲ. ಜೊತೆಗೆ ಕಲಂ 37 ಬಂದು ಕೂರುತ್ತದೆ. ಸರ್ಕಾರಿ ವಕೀಲರು ವಿರೋಧಿಸಿದರೆ, ಈತ ತಪ್ಪಿತಸ್ಥ ಅಲ್ಲ ಎಂದು ನಂಬಲು ಕಾರಣ ಇದೆ ಅಂತ ಕೋರ್ಟಿಗೆ ಅನಿಸದ ಹೊರತು ಜಾಮೀನಿಲ್ಲ. ಕೇಸು ಇನ್ನೂ ಶುರುವೇ ಆಗಿಲ್ಲ, ಆಗಲೇ ನಿರಪರಾಧಿ ಅಂತ ತೋರಿಸಬೇಕು. ಎರಡೂ ಕೇಸಿನ ನಡುವೆ ಇರುವ ವ್ಯತ್ಯಾಸ 200 ಗ್ರಾಂ.

ಆ 200 ಗ್ರಾಂ ತೂಗುವವರು ಯಾರು? ಜಡ್ಜ್ ಅಲ್ಲ. ಅದೇ ನನ್ನ ಮಾತು. ದಾಳಿ ಮಾಡಿದ ಜಾಗದಲ್ಲಿ, ಎಷ್ಟೋ ಸಲ ರಾತ್ರಿ ಹೊತ್ತು, ಪಕ್ಕದ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ತೂಗಿರುತ್ತಾರೆ. ಮಹಜರಿನಲ್ಲಿ ಚೀಲ ಸಮೇತವೋ ಚೀಲ ಬಿಟ್ಟೋ ಅಂತ ಬರೆದಿರುವುದಿಲ್ಲ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಹೂವು ಕಾಯಿ ಬಿಟ್ಟ ತುದಿಗಳು. ತುದಿ ಇಲ್ಲದೆ ಬರೀ ಎಲೆ, ಬರೀ ಬೀಜ ಇದ್ದರೆ ಅದು ಗಾಂಜಾ ಅಲ್ಲ. ಚೀಲದಲ್ಲಿ ದಂಟು, ಎಲೆ, ಬೀಜ, ತುದಿ ಎಲ್ಲಾ ಸೇರಿರುತ್ತದೆ. ಪಂಚರನ್ನು, ಅಂದರೆ ಮಹಜರಿಗೆ ಸಹಿ ಹಾಕಿದ ಸಾಕ್ಷಿಗಳನ್ನು, ಪಾಟೀಸವಾಲಿನಲ್ಲಿ "ದಂಟು ಬೇರೆ ಮಾಡಿ ತೂಗಿದ್ರಾ?" ಅಂತ ಕೇಳಿದಾಗ ಅವರು ಮುಖ ಮುಖ ನೋಡಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹತ್ತು ವರ್ಷವೋ ಹತ್ತು ತಿಂಗಳೋ ಅನ್ನುವ ತೀರ್ಮಾನ ಕೋರ್ಟ್ ಹಾಲಿಗೆ ಬರುವ ಮುಂಚೆ ಆ ತಕ್ಕಡಿಯ ಹತ್ತಿರವೇ ಆಗಿಬಿಟ್ಟಿರುತ್ತದೆ.

ಪುಸ್ತಕದ ಒಂದು ಲೋಪ ಇಲ್ಲೇ ಹೇಳುತ್ತೇನೆ. ಅಧಿಸೂಚನೆಗೆ 2009ರಲ್ಲಿ ಒಂದು ಟಿಪ್ಪಣಿ ಸೇರಿಸಿದರು: ಶುದ್ಧ ಮಾದಕವಸ್ತುವಿನ ತೂಕ ಮಾತ್ರ ಅಲ್ಲ, ಬೆರೆಸಿದ ಪುಡಿಯೂ ಸೇರಿ ಇಡೀ ತೂಕ ಲೆಕ್ಕಕ್ಕೆ. ಅದಕ್ಕಿಂತ ಒಂದು ವರ್ಷ ಮುಂಚೆ ಸುಪ್ರೀಂ ಕೋರ್ಟ್ ಶುದ್ಧ ಭಾಗದ ತೂಕವೇ ಲೆಕ್ಕ ಅಂದಿತ್ತು. ಕೊನೆಗೆ 2020ರಲ್ಲಿ ಹೀರಾ ಸಿಂಗ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಇಡೀ ತೂಕವೇ ಸರಿ ಅಂತ ತೀರ್ಪು ಕೊಟ್ಟಿತು. 260 ಗ್ರಾಂ ಪೊಟ್ಟಣದಲ್ಲಿ ಹೆರಾಯಿನ್ ಹತ್ತು ಗ್ರಾಂ ಇದ್ದು ಉಳಿದದ್ದು ಯಾವುದೋ ಪುಡಿ ಆಗಿದ್ದರೂ ಅದು ವಾಣಿಜ್ಯ ಪ್ರಮಾಣ. ಇಷ್ಟು ಮುಖ್ಯವಾದ ಟಿಪ್ಪಣಿಯೇ ಪುಸ್ತಕದಲ್ಲಿ ಬಿಟ್ಟುಹೋಗಿದೆ. ಪೆನ್ಸಿಲಿನಲ್ಲಿ ಬರೆದುಕೊಂಡೆವು.

ತೂಕದ ಈ ತಲೆಬಿಸಿ ನಮಗೊಬ್ಬರಿಗೇ ಬಂದದ್ದಲ್ಲ. ಎಲ್‌ಎಸ್‌ಡಿ ಕಾಗದಕ್ಕೆ ಅದ್ದಿ ಮಾರುತ್ತಾರಲ್ಲ, ಆ ಕಾಗದದ ತೂಕ ಸೇರಿಸಬೇಕೇ ಬೇಡವೇ ಅನ್ನುವುದು 1991ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸೇರಿಸಬೇಕು ಅಂದರು. ಮಾಲು ಚಿಟಿಕೆಯಷ್ಟೂ ಇಲ್ಲ, ಕಾಗದದ ತೂಕದಿಂದ ಐದು ವರ್ಷದ ಕನಿಷ್ಠ ಶಿಕ್ಷೆ. ಅಲ್ಲಿ 1986ರ ಕಾಯ್ದೆ ಇನ್ನೂ ವಿಚಿತ್ರ ಇತ್ತು. ಕೊಕೇನ್ ಪುಡಿ ಆದರೆ 500 ಗ್ರಾಂಗೆ ಐದು ವರ್ಷ. ಅದೇ ಕೊಕೇನಿನಿಂದ ಮಾಡುವ ಕ್ರ್ಯಾಕ್ ಆದರೆ 5 ಗ್ರಾಂಗೇ ಐದು ವರ್ಷ. ಒಂದಕ್ಕೆ ನೂರು. ಕ್ರ್ಯಾಕ್ ಕೇಸುಗಳಲ್ಲಿ ಸಿಕ್ಕಿಬೀಳುತ್ತಿದ್ದವರಲ್ಲಿ ಕಪ್ಪು ಜನಾಂಗದವರೇ ಜಾಸ್ತಿ. 2010ರಲ್ಲಿ ಅದನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಿದರು. ಮುಂಚೆಯೇ ಶಿಕ್ಷೆ ಆದವರಿಗೆ ಅದರ ಲಾಭ ಸಿಗಲು 2018ರ ಇನ್ನೊಂದು ಕಾಯ್ದೆ ಬರಬೇಕಾಯಿತು. ಅಷ್ಟರಲ್ಲಿ ಎಷ್ಟೋ ಜನ ಪೂರ್ತಿ ಶಿಕ್ಷೆ ಮುಗಿಸಿ ಆಚೆ ಬಂದಾಗಿತ್ತು. ಅಲ್ಲಿ ಕನಿಷ್ಠ ಶಿಕ್ಷೆ ಪ್ರಾಸಿಕ್ಯೂಟರ್ ಕೈಯಲ್ಲಿ ಇರುತ್ತದೆ. "ತಪ್ಪು ಒಪ್ಪಿಕೋ, ಚಿಕ್ಕ ಆರೋಪ ಹಾಕುತ್ತೇನೆ, ಇಲ್ಲಾ ಹತ್ತು ವರ್ಷದ್ದೇ ಹಾಕುತ್ತೇನೆ" ಅಂದರೆ ಯಾರು ತಾನೇ ವಿಚಾರಣೆಗೆ ನಿಲ್ಲುತ್ತಾರೆ? ಫೆಡರಲ್ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಒಪ್ಪಿಕೊಂಡೇ ಮುಗಿಸುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ತಪ್ಪೊಪ್ಪಿಗೆ ಚೌಕಾಸಿ ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಇಲ್ಲವೇ ಇಲ್ಲ. ಅದಕ್ಕೇ ಇಲ್ಲಿ ಎರಡೇ ಬಾಗಿಲು. ಸಾಬೀತಾದರೆ ಹತ್ತು ವರ್ಷ, ಇಲ್ಲದಿದ್ದರೆ ಬಿಡುಗಡೆ. ನಡುವೆ ಏನೂ ಇಲ್ಲ. ಶಿಕ್ಷೆ ಇಷ್ಟು ಘೋರ ಆಗಿರುವುದರಿಂದ ಶೋಧದ ನಿಯಮಗಳನ್ನೂ ಅಷ್ಟೇ ಬಿಗಿಯಾಗಿ ನೋಡಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕಲಂ 42ರಂತೆ ಮಾಹಿತಿ ಬರೆದಿಟ್ಟುಕೊಂಡರೇ, ಕಲಂ 50ರಂತೆ ಮೈ ಶೋಧಿಸುವ ಮುಂಚೆ ಮ್ಯಾಜಿಸ್ಟ್ರೇಟ್ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಶೋಧ ಮಾಡಿಸಿಕೊಳ್ಳುವ ಹಕ್ಕಿದೆ ಅಂತ ಹೇಳಿದರೇ. ಹೇಳದಿದ್ದರೆ ದೊಡ್ಡ ಕಳ್ಳಸಾಗಣೆದಾರನೂ ಆಚೆ. ಹೇಳಿದ್ದರೆ ಚೀಲ ಹೊತ್ತ ಕೂಲಿಯೂ ಒಳಗೆ. ಹತ್ತಿಯೋ ಕಬ್ಬಿಣವೋ ನೋಡದೆ ಎಲ್ಲದಕ್ಕೂ ಒಂದೇ ಬಾಡಿಗೆ ಹಾಕುವ ಲಾರಿ ಆಫೀಸಿನ ಹಾಗೆ.

ಶಿಕ್ಷೆ ಕೊಡುವ ಮುಂಚೆ ಆರೋಪಿಯನ್ನು ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲಿ ಅದು 235(2), ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 258. ಪುಸ್ತಕದಲ್ಲಿ ನಾಲ್ಕೇ ಸಾಲು. ಕೋರ್ಟಿನಲ್ಲಿ ಆ ನಾಲ್ಕು ಸಾಲು ಹೇಗಿರುತ್ತದೆ ಅಂತ ಹೇಳುತ್ತೇನೆ. ಒಡಿಶಾ ಕಡೆಯ ಹುಡುಗ, ಇಪ್ಪತ್ತೈದು ದಾಟಿರಲಿಲ್ಲ. ಯಶವಂತಪುರ ಸ್ಟೇಷನ್ನಿನಲ್ಲಿ ಎರಡು ಬ್ಯಾಗಿನ ಸಮೇತ ಸಿಕ್ಕಿದ್ದ. ಬ್ಯಾಗ್ ಮುಟ್ಟಿಸಿದರೆ ಐದು ಸಾವಿರ ಕೊಡುತ್ತೇವೆ ಅಂದಿದ್ದರಂತೆ. ಕೊಟ್ಟವರು ಯಾರು, ತಗೊಳ್ಳಬೇಕಿದ್ದವರು ಯಾರು, ಚಾರ್ಜ್‌ಶೀಟಿನಲ್ಲಿ ಇಲ್ಲ. ಗಾಂಜಾದ ತೂಕ ಇಪ್ಪತ್ತು ಕೆ.ಜಿ. ದಾಟಿತ್ತು. ಜಡ್ಜ್ ಕೇಳಿದರು, ದುಭಾಷಿ ಅವನ ಭಾಷೆಯಲ್ಲಿ ಹೇಳಿದ. ಹುಡುಗ ಕಟಕಟೆ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದ. ನಾನು ಬರೆದದ್ದು ಇಷ್ಟು: ಆರೋಪಿಗೆ ವಯಸ್ಸಾದ ತಾಯಿ ಇದ್ದಾರೆ, ಮದುವೆಯಾಗದ ತಂಗಿ ಇದ್ದಾಳೆ, ತಾನೊಬ್ಬನೇ ದುಡಿಯುವವನು, ಇದು ಮೊದಲ ಅಪರಾಧ, ಕರುಣೆ ತೋರಿಸಿ ಕನಿಷ್ಠ ಶಿಕ್ಷೆ ಕೊಡಬೇಕೆಂದು ಕೋರಿದ್ದಾನೆ.

ಕನಿಷ್ಠ ಶಿಕ್ಷೆಯನ್ನೇ ಕೊಟ್ಟರು. ಹತ್ತು ವರ್ಷ ಕಠಿಣ ಸಜೆ, ಒಂದು ಲಕ್ಷ ದಂಡ, ದಂಡ ಕಟ್ಟದಿದ್ದರೆ ಇನ್ನಷ್ಟು ಸಜೆ. ದುಭಾಷಿ ಹೇಳಿ ಮುಗಿಸಿದ ಮೇಲೆ ಅವನು ಏನೋ ಕೇಳಿದ. ಇಷ್ಟು ದಿನ ಒಳಗಿದ್ದೆನಲ್ಲ, ಇವತ್ತು ಮನೆಗೆ ಹೋಗಬಹುದಾ ಅಂತ ಕೇಳುತ್ತಿದ್ದಾನೆ ಸರ್ ಅಂದ ದುಭಾಷಿ. ವಿಚಾರಣೆ ಕಾಲದಲ್ಲಿ ಜೈಲಿನಲ್ಲಿದ್ದ ದಿನಗಳು ವಜಾ ಆಗುತ್ತವೆ, ಅದು ಸರಿ. ಆದರೆ ಈ ಕಾಯ್ದೆಯ ಕಲಂ 32ಎ ಪ್ರಕಾರ ಬೇರೆ ಕೈದಿಗಳಿಗೆ ಸಿಗುವ ಶಿಕ್ಷೆ ಕಡಿತವೂ ಇವನಿಗೆ ಸಿಗುವುದಿಲ್ಲ. ಆ ಕಲಂ ಮೊದಲು ಅಪೀಲಿನಲ್ಲಿ ಶಿಕ್ಷೆ ಅಮಾನತು ಮಾಡುವುದನ್ನೂ ತಡೆದಿತ್ತು. ಅಷ್ಟು ಭಾಗ ಮಾತ್ರ ಸುಪ್ರೀಂ ಕೋರ್ಟ್ 2000ದಲ್ಲಿ ದಾದು ಕೇಸಿನಲ್ಲಿ ಹೊಡೆದುಹಾಕಿತು. ತಾಯಿ, ತಂಗಿ, ಮೊದಲ ತಪ್ಪು, ಇದ್ಯಾವುದಕ್ಕೂ ಕಾನೂನಿನಲ್ಲಿ ಜಾಗ ಇಲ್ಲ. ಆದರೂ ಕೇಳಬೇಕು, ಬರೆಯಬೇಕು, ನಾನು ಟೈಪ್ ಮಾಡಬೇಕು.

ಈ ಪುಸ್ತಕದಲ್ಲಿ ನನಗೆ ಇಷ್ಟವಾದದ್ದು ಹಳೇ ಹೊಸ ಕಲಮುಗಳ ಹೋಲಿಕೆ ಪಟ್ಟಿ. ಕೊಲೆಯ 302 ಈಗ 103, ಅತ್ಯಾಚಾರದ 376 ಈಗ 64, ವರದಕ್ಷಿಣೆ ಸಾವಿನ 304ಬಿ ಈಗ 80, ಮೋಸದ 420 ಈಗ 318(4). ಹಳಬರ ಬಾಯಲ್ಲಿ ಇನ್ನೂ ಹಳೇ ನಂಬರೇ ಬರುತ್ತದೆ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ ಅನ್ವಯ ಆಗುವುದರಿಂದ ಈ ಪಟ್ಟಿ ಇನ್ನೂ ಎಷ್ಟೋ ವರ್ಷ ಬೇಕು. ಅಚ್ಚಿನ ತಪ್ಪು ಒಂದು ಭರ್ಜರಿಯಾಗಿದೆ. ಹಳೇ 303ರ ಎದುರಿಗೆ ಹೊಸ 303 ಅಂತ ಹಾಕಿದ್ದಾರೆ. ಹಳೇ 303 ಅಂದರೆ ಜೀವಾವಧಿ ಕೈದಿ ಕೊಲೆ ಮಾಡುವುದು. ಹೊಸ 303 ಅಂದರೆ ಕಳ್ಳತನ. ಸರಿಯಾದದ್ದು 104. ಪರೀಕ್ಷೆಯಲ್ಲಿ ಹಾಗೇ ಬರೆದರೆ ಗೋವಿಂದ.

ಆ 303ರ ಕಥೆಯನ್ನು ಒಂದು ಅಡಿಟಿಪ್ಪಣಿಯಲ್ಲಾದರೂ ಹೇಳಬೇಕಿತ್ತು. ಜೀವಾವಧಿ ಕೈದಿ ಕೊಲೆ ಮಾಡಿದರೆ ಮರಣದಂಡನೆ, ಬೇರೆ ಮಾತೇ ಇಲ್ಲ ಅಂತ ಅದರಲ್ಲಿತ್ತು. 1983ರಲ್ಲಿ ಮಿಠ್ಠು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನ ವಿರೋಧಿ ಅಂದಿತು. ಯಾಕೆ ಕೊಲೆ ಆಯಿತು, ಯಾವ ಸಂದರ್ಭ ಅಂತ ನೋಡಲು ಜಡ್ಜ್‌ಗೆ ಬಿಡದ ಕಾನೂನು ನ್ಯಾಯವಾದದ್ದಲ್ಲ ಅನ್ನುವುದು ಅದರ ತಿರುಳು. ಆಯುಧ ಕಾಯ್ದೆಯ 27(3) ಕೂಡ ಹಾಗೇ ಇತ್ತು, ಅದನ್ನು 2012ರಲ್ಲಿ ಹೊಡೆದುಹಾಕಿದರು. ಪುಸ್ತಕದಲ್ಲಿ 27(3) ಏನೂ ಆಗಿಲ್ಲ ಅನ್ನುವ ಹಾಗೆ ಮರಣದಂಡನೆ ಸಮೇತ ಕೂತಿದೆ. ನಕ್ಷತ್ರ ಗುರುತೂ ಇಲ್ಲ. ಇದನ್ನು ಓದಿಕೊಂಡು ಹೋಗುವ ಹುಡುಗರ ಗತಿ?

ಈಗ ದರೋಡೆ. ಹಳೇ 397, ಹೊಸ 311. ಸುಲಿಗೆ ಮಾಡುವಾಗ ಮಾರಕಾಯುಧ ಬಳಸಿದರೆ ಕನಿಷ್ಠ ಏಳು ವರ್ಷ. ಚುಚ್ಚಲೇಬೇಕು ಅಂತಿಲ್ಲ, ಹೆದರಿಸಲು ತೋರಿಸಿದರೂ ಬಳಸಿದ ಹಾಗೆ ಅಂತ 1975ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿನಲ್ಲಿ ಈ ಕೇಸುಗಳಿಗೆ ಬರವೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ನಡೆದುಹೋಗುವವನ ಮುಂದೆ ಸ್ಕೂಟರ್ ನಿಲ್ಲಿಸಿ, ಚಾಕು ತೋರಿಸಿ, ಮೊಬೈಲು ಕಿತ್ತುಕೊಳ್ಳುವುದು. ಸಿಕ್ಕಿಬಿದ್ದವರಲ್ಲಿ ಒಬ್ಬ ಹತ್ತೊಂಬತ್ತರ ಹುಡುಗ, ಸ್ಕೂಟರ್ ಹಿಂದೆ ಕೂತು ಚಾಕು ತೋರಿಸಿದವನು. ಲಾಂಗು ಮಚ್ಚು ಹಿಡಿದು ಹತ್ತು ಕೇಸು ಹಾಕಿಸಿಕೊಂಡವನು ಇನ್ನೊಬ್ಬ. ಆಯುಧ ಹಿಡಿದ ಇಬ್ಬರಿಗೂ ಏಳು.

ಆಗ ಏನಾಗುತ್ತದೆ ಗೊತ್ತಾ? ಚಾಕು ಚಿಕ್ಕದಾಗುತ್ತದೆ. ಎಷ್ಟು ಇಂಚು ಅಂತ ಮಹಜರಿನಲ್ಲಿ ಬರೆದಿಲ್ಲ, ಹಿಡಿ ಸೇರಿಸಿ ಅಳೆದಿದ್ದಾರೆ, ಅಡುಗೆ ಮನೆ ಚಾಕು ಮಾರಕಾಯುಧ ಅಲ್ಲ, ಕತ್ತಲಲ್ಲಿ ಫಿರ್ಯಾದಿ ಸರಿಯಾಗಿ ನೋಡಿಲ್ಲ. ಹೀಗೆ ಕಾರಣ ಕೊಟ್ಟು 397 ಸಾಬೀತಾಗಿಲ್ಲ, ಬರೀ ಸುಲಿಗೆಯ ಕಲಂ ಆದ 392 ಮಾತ್ರ ಸಾಬೀತಾಗಿದೆ ಅನ್ನುವ ಡಿಕ್ಟೇಷನ್ ನಾನು ಬೇಕಾದಷ್ಟು ಬರೆದುಕೊಂಡಿದ್ದೇನೆ. 392ಕ್ಕೆ ಕೆಳಗಿನ ಮಿತಿ ಇಲ್ಲ. ಎರಡು ವರ್ಷ ಕೊಡಬಹುದು. ಒಳ್ಳೆ ಜಡ್ಜ್‌ಗಳು ಮಾಡುತ್ತಿದ್ದದ್ದು ಇದೇ, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ "ಈ ಹುಡುಗನಿಗೆ ಏಳು ವರ್ಷ ಜಾಸ್ತಿ" ಅಂತ ನೇರವಾಗಿ ಬರೆಯುವ ಬದಲು ಚಾಕುವಿನ ಅಳತೆಯ ಮೇಲೆ ಎರಡು ಪುಟ ಬರೆಯಬೇಕಾಗುತ್ತಿತ್ತು. ಅಪೀಲಿಗೆ ಹೋದಾಗ ಮೇಲಿನ ಕೋರ್ಟ್ ಚರ್ಚೆ ಮಾಡುವುದೂ ಚಾಕುವಿನ ಅಳತೆಯನ್ನೇ. ನಿಜವಾದ ಕಾರಣ ಕಡತದಲ್ಲಿ ಎಲ್ಲೂ ಇರುವುದಿಲ್ಲ.

ನೇರ ದಾರಿ ಒಂದಿತ್ತು. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ಸಣ್ಣ ವಯಸ್ಸು, ಮೊದಲ ತಪ್ಪು ಇದ್ದರೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಕನಿಷ್ಠ ಶಿಕ್ಷೆ ಇದ್ದ ಮಾತ್ರಕ್ಕೆ ಈ ಕಾಯ್ದೆಯ ಲಾಭ ತಪ್ಪುವುದಿಲ್ಲ ಅಂತ 2021ರಲ್ಲಿ ಲಖ್ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದೂ 397ರ ಕೇಸಿನಲ್ಲೇ. ಎನ್‌ಡಿಪಿಎಸ್‌ನಲ್ಲಿ ಮಾತ್ರ ಹದಿನೆಂಟು ದಾಟಿದವರಿಗೆ ಹೆಚ್ಚುಕಮ್ಮಿ ಈ ಬಾಗಿಲು ಮುಚ್ಚಿದೆ. ಇಷ್ಟೆಲ್ಲ ಇದ್ದೂ ಈ ಕೈಪಿಡಿಯಲ್ಲಿ ಪ್ರೊಬೇಷನ್ ಕಾಯ್ದೆಯೇ ಇಲ್ಲ! ಒಟ್ಟು ಇಪ್ಪತ್ತು ಕಲಮೂ ಇಲ್ಲದ ಚಿಕ್ಕ ಕಾಯ್ದೆ. ಕೊನೆಯಲ್ಲಿ ಪರೀಕ್ಷೆಯ ಮಾದರಿ ಪ್ರಶ್ನೆಗಳಿಗೆ ಜಾಗ ಇದೆ, ಇದಕ್ಕಿಲ್ಲ. ನನ್ನ ದೊಡ್ಡ ಸಿಟ್ಟು ಇದರ ಮೇಲೆಯೇ.

ಹೊಸ ಸಂಹಿತೆಯಲ್ಲಿ ಕಳ್ಳತನದ ಕಲಂ ಓದಿದರೆ ಸ್ವಲ್ಪ ಖುಷಿ, ಸ್ವಲ್ಪ ಬೇಜಾರು. ಮೊದಲ ಸಲ ಕದ್ದು, ಮಾಲು 5,000 ರೂಪಾಯಿಗಿಂತ ಕಡಿಮೆ ಇದ್ದು, ವಾಪಸ್ ಕೊಟ್ಟರೆ ಸಮುದಾಯ ಸೇವೆ. ಒಳ್ಳೆಯದಾಯಿತು. ಅದೇ ಕಲಮಿನಲ್ಲಿ, ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ ಕಠಿಣ ಸಜೆ. ತಪ್ಪೊಪ್ಪಿಗೆ ಚೌಕಾಸಿಯಲ್ಲಿ ಕನಿಷ್ಠ ಶಿಕ್ಷೆಯ ಅರ್ಧಕ್ಕೆ, ಮೊದಲ ಸಲದವರಿಗೆ ಕಾಲು ಭಾಗಕ್ಕೆ ಇಳಿಸಲು ಅವಕಾಶ ಇದೆ. ಆದರೆ ಅದೇ ಅಪರಾಧದಲ್ಲಿ ಮುಂಚೆ ಶಿಕ್ಷೆ ಆದವನಿಗೆ ಆ ಚೌಕಾಸಿಯೇ ಇಲ್ಲ. ಹಾಗಾಗಿ ಎರಡನೇ ಸಲ ಸೈಕಲ್ ಕದ್ದವನಿಗೆ ಒಂದು ವರ್ಷ ಗ್ಯಾರಂಟಿ. ಈ ಎರಡು ನಿಯಮಗಳು ಪುಸ್ತಕದಲ್ಲಿ ನೂರಾರು ಪುಟ ದೂರ ಇವೆ. ಒಂದರಿಂದ ಇನ್ನೊಂದಕ್ಕೆ ಸೂಚನೆ ಕೊಟ್ಟಿಲ್ಲ. ತಂಗಿ ಮಗಳು ಎರಡೂ ಕಡೆ ಬಣ್ಣದ ಚೀಟಿ ಅಂಟಿಸಿದ್ದಾಳೆ.

ಪೋಕ್ಸೊ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಯಾಕೆಂದರೆ ಕನಿಷ್ಠ ಶಿಕ್ಷೆ ಸುಮ್ನೆ ಬಂದಿದ್ದಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸು 2000ದಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಏಳೆಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿದವನಿಗೆ ಕೆಳಗಿನ ಕೋರ್ಟ್ ಹತ್ತು ವರ್ಷ ಕೊಟ್ಟಿತ್ತು. ಹೈಕೋರ್ಟಿನಲ್ಲಿ ಅದು ನಾಲ್ಕಕ್ಕೆ ಇಳಿಯಿತು. ಆಸಾಮಿ ಓದುಬರಹ ಬಾರದವನು, ಕುಡಿತದ ಚಟ ಇದೆ ಅನ್ನುವುದೆಲ್ಲ ಕಾರಣ. ಸುಪ್ರೀಂ ಕೋರ್ಟ್ ಮತ್ತೆ ಹತ್ತು ಮಾಡಿತು. ಆಗ 376ರಲ್ಲಿ, ತಕ್ಕ ಕಾರಣ ಬರೆದು ಕನಿಷ್ಠಕ್ಕಿಂತ ಕಡಿಮೆ ಕೊಡಬಹುದು ಅನ್ನುವ ಅವಕಾಶ ಇತ್ತು. ಆ ಅವಕಾಶ ದೇಶದ ತುಂಬಾ ಹೀಗೇ ಬಳಕೆ ಆಗುತ್ತಿತ್ತು. ಅವನಿಗೆ ಮದುವೆ ಆಗಿದೆ, ಅವಳಿಗೆ ಮದುವೆ ಆಗಿದೆ, ಘಟನೆ ಹಳೆಯದು. ದೆಹಲಿಯ ನಿರ್ಭಯಾ ಘಟನೆ ಆದಮೇಲೆ 2013ರಲ್ಲಿ ಅದನ್ನು ತೆಗೆದೇ ಹಾಕಿದರು. ನನಗೆ ಆಗ ಸಮಾಧಾನವೇ ಆಯಿತು. ಹೆಂಗಸಾಗಿ ಅಂತಹ ಕಾರಣಗಳನ್ನು ಟೈಪ್ ಮಾಡುವುದು ಸುಲಭದ ಕೆಲಸ ಅಲ್ಲ.

ಆದರೆ ಪೋಕ್ಸೊ ಕೆಳಗೆ ಬೇರೆ ತರಹದ ಕೇಸುಗಳೂ ಬಂದವು. ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ, ಪೀಣ್ಯದ ಕಡೆ ಎಲ್ಲೋ ಕೆಲಸ. ಓಡಿಹೋಗುತ್ತಾರೆ, ಅಪ್ಪ ದೂರು ಕೊಡುತ್ತಾನೆ. ಕಾನೂನಿನ ಪ್ರಕಾರ ಹದಿನೆಂಟರ ಒಳಗೆ ಒಪ್ಪಿಗೆಗೆ ಬೆಲೆಯಿಲ್ಲ. 2019ರ ತಿದ್ದುಪಡಿ ಆದಮೇಲೆ ಕನಿಷ್ಠ ಹತ್ತು ವರ್ಷ, ಹದಿನಾರರ ಒಳಗಿದ್ದರೆ ಇಪ್ಪತ್ತು. ಹುಡುಗಿ ಬಸುರಿಯಾಗಿದ್ದರೆ ಅದು ಉಗ್ರ ಸ್ವರೂಪದ ಅಪರಾಧ, ಆಗಲೂ ಕನಿಷ್ಠ ಇಪ್ಪತ್ತು. ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಹುಡುಗಿ ಅವನ ಮನೆಯಲ್ಲೇ ಸಂಸಾರ ಮಾಡಿಕೊಂಡಿರುತ್ತಾಳೆ. ಸಾಕ್ಷಿ ಕಟ್ಟೆ ಹತ್ತಿ "ನನಗೇನೂ ಆಗಿಲ್ಲ, ಪೊಲೀಸರಿಗೆ ಹೇಳಿಕೆ ಕೊಟ್ಟಿಲ್ಲ" ಅನ್ನುತ್ತಾಳೆ. ಸರ್ಕಾರಿ ವಕೀಲರು ಎದ್ದು, ಇವಳು ಪ್ರತಿಕೂಲ ಸಾಕ್ಷಿ, ಪಾಟೀಸವಾಲು ಮಾಡಲು ಬಿಡಿ ಅಂತ ಅನುಮತಿ ಕೇಳುತ್ತಾರೆ. ಬಿಡುಗಡೆ. ನಾಗರಭಾವಿಯ ಲಾ ಸ್ಕೂಲಿನ ಮಕ್ಕಳ ಕಾನೂನು ಕೇಂದ್ರದವರು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಪೋಕ್ಸೊ ಕೋರ್ಟುಗಳನ್ನು ಅಧ್ಯಯನ ಮಾಡಿದಾಗ ಪ್ರೀತಿಯ ಕೇಸುಗಳಲ್ಲಿ ಕಂಡದ್ದೂ ಇದೇ.

2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ವಿಷಯ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ಆಯೋಗ ತನ್ನ 283ನೇ ವರದಿ ಕೊಟ್ಟಿತು. ವಯಸ್ಸು ಇಳಿಸುವುದು ಬೇಡ, ಆದರೆ ಹದಿನಾರರಿಂದ ಹದಿನೆಂಟರ ನಡುವಿನ ಇಂತಹ ಕೇಸುಗಳಲ್ಲಿ ಶಿಕ್ಷೆ ಎಷ್ಟು ಅನ್ನುವುದನ್ನು ಮಾರ್ಗಸೂಚಿಯೊಳಗೆ ಜಡ್ಜ್‌ಗೆ ಬಿಡಿ ಅಂದಿತು. ಬಂಗಾಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಅಪರಾಧ ಸಾಬೀತು ಅಂತ ಹೇಳಿ, 2025ರ ಮೇ ತಿಂಗಳಲ್ಲಿ ಸಂವಿಧಾನದ 142ನೇ ವಿಧಿ ಬಳಸಿ ಶಿಕ್ಷೆಯನ್ನೇ ವಿಧಿಸಲಿಲ್ಲ. ಆ ಹೆಣ್ಣುಮಗಳು ಅಷ್ಟರಲ್ಲಿ ಅವನ ಹೆಂಡತಿ, ಮಗುವಿನ ತಾಯಿ. ಅವನನ್ನು ಉಳಿಸಿಕೊಳ್ಳಲು ಕೋರ್ಟಿನಿಂದ ಕೋರ್ಟಿಗೆ ಅಲೆದಿದ್ದಳು. ಪೂರ್ಣ ನ್ಯಾಯಕ್ಕೆ ಬೇಕಾದ ಆದೇಶ ಮಾಡುವ ಈ 142ರ ಅಧಿಕಾರ ಇರುವುದು ದೆಹಲಿಯ ಸುಪ್ರೀಂ ಕೋರ್ಟಿಗೆ ಮಾತ್ರ. ಬೆಂಗಳೂರಿನ ಸೆಷನ್ಸ್ ಜಡ್ಜ್ ಕೈಯಲ್ಲಿ ಅದಿಲ್ಲ. ಅವರ ಮುಂದೆ ಇಪ್ಪತ್ತು ವರ್ಷ ಅಥವಾ ಸೊನ್ನೆ. ಕಾರಣ ಬರೆದು ಕಡಿಮೆ ಕೊಡುವ ಹಳೇ ಅವಕಾಶವನ್ನು ಪೂರ್ತಿ ಕಿತ್ತುಹಾಕುವ ಬದಲು, ಯಾವ ಕಾರಣ ನಡೆಯುತ್ತದೆ ಯಾವುದು ನಡೆಯುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದ್ದರೆ ಸಾಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಕುಡಿತದ ಚಟ ಕಾರಣ ಅಲ್ಲ ಅಂತ ಬರೆಯಲು ಎಷ್ಟು ಶಾಯಿ ಬೇಕು?

ಪುಸ್ತಕದ ಪೋಕ್ಸೊ ಭಾಗದಲ್ಲಿ ತಿದ್ದುಪಡಿಯಾದ ಪಾಠ ಮಾತ್ರ ಇದೆ. 2019ರ ಆಗಸ್ಟಿಗೆ ಮುಂಚಿನ ಘಟನೆಗೆ ಹಳೇ ಶಿಕ್ಷೆಯೇ ಅನ್ವಯ: ಹತ್ತಿದ್ದಲ್ಲಿ ಏಳು, ಉಗ್ರ ಸ್ವರೂಪದ್ದಕ್ಕೆ ಇಪ್ಪತ್ತರ ಬದಲು ಹತ್ತು. ಅಂತಹ ಕೇಸುಗಳು ಇನ್ನೂ ನಡೆಯುತ್ತಿವೆ. ಹಳೇ ಪಾಠವನ್ನು ಸಣ್ಣ ಅಕ್ಷರದಲ್ಲಾದರೂ ಕೆಳಗೆ ಕೊಡಬೇಕಿತ್ತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಬೈಂಡಿಂಗ್ ಗಟ್ಟಿ ಇದೆ, ಪೂರ್ತಿ ಬಿಚ್ಚಿ ಮೇಜಿನ ಮೇಲೆ ಇಟ್ಟರೂ ಬೆನ್ನು ಬಿಡಲಿಲ್ಲ. ಅಕ್ಷರ ಚಿಕ್ಕದು, ನನ್ನ ವಯಸ್ಸಿನವರಿಗೆ ಕನ್ನಡಕ ಇದ್ದರೂ ಕಷ್ಟ. ವಿಷಯಸೂಚಿ ಕಾಯ್ದೆವಾರು ಇದೆ, ಪದವಾರು ಇಲ್ಲ. ಕನ್ನಡ ಓದಿಸಿಕೊಂಡು ಹೋಗುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಪರೀಕ್ಷೆಗೆ ಓದುವವರಿಗೆ ಸಾಕು. ಮನೆಯವರ ಮೇಲೆ ಕೇಸು ಬಿದ್ದು, ಏನಾಗುತ್ತದೋ ಅಂತ ತಿಳಿದುಕೊಳ್ಳಲು ಕೊಳ್ಳುವವರಿಗೆ ಇದು ಬೇಡ. ಹೊಡೆದುಹಾಕಿದ ಕಲಂ ಓದಿ ಸುಮ್ನೆ ಗಾಬರಿಯಾಗುತ್ತೀರಿ. ಅವರು ಉಚಿತ ಕಾನೂನು ನೆರವಿನ 15100 ನಂಬರಿಗೆ ಫೋನ್ ಮಾಡುವುದು ವಾಸಿ.

ಕೊಳ್ಳುವುದಾದರೆ ಅಂಗಡಿಯಲ್ಲೇ ಎರಡು ಕಡೆ ಬಿಚ್ಚಿ ನೋಡಿ. ಎನ್‌ಡಿಪಿಎಸ್ ಕೊನೆಯಲ್ಲಿ ಪ್ರಮಾಣದ ಪಟ್ಟಿ ಇದೆಯಾ, ಹೋಲಿಕೆ ಪಟ್ಟಿಯಲ್ಲಿ 303ರ ಎದುರಿಗೆ 104 ಅಂತ ತಿದ್ದಿದ್ದಾರಾ. ಪ್ರೊಬೇಷನ್ ಕಾಯ್ದೆಯ ತೆಳು ಪುಸ್ತಕ ಬೇರೆ ಸಿಗುತ್ತದೆ, 60 ರೂಪಾಯಿ. ಕೇಳದಿದ್ದರೆ ಅಂಗಡಿಯವರು ತೋರಿಸುವುದಿಲ್ಲ. ನಾನು ಕೇಳಿದಾಗ "ಅದನ್ನ ಯಾರೂ ಕೇಳಲ್ಲ ಮೇಡಂ" ಅಂದುಕೊಂಡು ಏಣಿ ಹತ್ತಿ ಮೇಲಿನ ಅಟ್ಟದಿಂದ ಹುಡುಕಿ ಕೊಟ್ಟರು.